ಜೀನು ಸಾಹೇಬರು

ಶನಿವಾರ ಬೆಳಗ್ಗೆ ದಿಬ್ಬೂರಹಳ್ಳಿಯ ಟೀ ಅಂಗಡಿ ಮುಂದೆ ಮಂಡಿಯುದ್ದದ ಬೂಟು, ಬಿಗಿ ಪ್ಯಾಂಟು, ಕಪ್ಪು ಹೆಲ್ಮೆಟ್ಟಿನವರೊಬ್ಬರು ನಿಂತುಕೊಂಡೇ ಟೀ ಹೀರುತ್ತಿದ್ದರೆ ಅವರೇ ಜೀನು ಸಾಹೇಬರು ಅಂದುಕೊಳ್ಳಿ. ಬೆಂಚು ಖಾಲಿ ಇದ್ದರೂ ಕೂರುವುದಿಲ್ಲ. ವಿನಯವೇನಲ್ಲ, ಹೋದ ವಾರದ ಸವಾರಿ.

ವಾರವೆಲ್ಲ ಬೆಂಗಳೂರಿನಲ್ಲಿ ಸಾಫ್ಟ್‌ವೇರು, ವಾರಾಂತ್ಯಕ್ಕೆ ಇಲ್ಲೊಂದು ತೋಟ, ತೋಟದಲ್ಲಿ ರೇಸಿನಿಂದ ನಿವೃತ್ತಿಯಾದ ಕುದುರೆ. ಕುದುರೆಗಿಂತ ಮೊದಲು ಮನೆಗೆ ಬಂದದ್ದು ಜೀನು. ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ 23ನೆಯವರಾಗಿ ನಿಂತದ್ದನ್ನು 2021ರಲ್ಲಿ ಟಿವಿಯಲ್ಲಿ ನೋಡಿದವರೇ ಇಂಗ್ಲಿಷ್ ಜಂಪಿಂಗ್ ಜೀನಿಗೆ ಆರ್ಡರ್ ಹಾಕಿದರಂತೆ.

ಕೇಳಿದವರಿಗೂ ಕೇಳದವರಿಗೂ ಅದರ ಚರಿತ್ರೆ ಹೇಳುತ್ತಾರೆ. ಇಟಲಿಯ ಸೇನಾಧಿಕಾರಿ ಕ್ಯಾಪ್ರಿಲಿ ಎಂಬಾತ ಕುದುರೆ ಹಾರುವಾಗ ಸವಾರ ಹಿಂದಕ್ಕೆ ವಾಲದೆ ಮುಂದಕ್ಕೆ ಬಾಗಬೇಕೆಂದು ತೋರಿಸಿಕೊಟ್ಟ. ಅದಕ್ಕೇ ಈ ಜೀನಿನ ಪಕ್ಕೆ ಮುಂದಕ್ಕೆ ಚಾಚಿದೆ, ಮಂಡಿಗೆ ಒತ್ತುದಿಂಬಿದೆ, ರಿಕಾಪು ಗಿಡ್ಡ.

ಸೊಪ್ಪಿನ ಹೊರೆ ಇಳಿಸುತ್ತಿದ್ದ ರೇಷ್ಮೆ ರೈತರೊಬ್ಬರು, "ಇಲ್ಲಿ ಹಾರೋಕೇನಿದೆ ಸಾರ್?" ಎಂದರು.

ಹಿಂದೆ ಜಟಕಾ ಹೊಡೆಯುತ್ತಿದ್ದ ತಾತ ಬೀಡಿ ಕೆಳಗಿಟ್ಟು, "ಹಾರೋ ಕುದ್ರೆ ಮೇಲೆ ಬಗ್ಬೇಕು, ಒಪ್ದೆ. ನಡಿಯೋ ಕುದ್ರೆ ಮೇಲೂ ಯಾಕ್ ಬಗ್ಬೇಕು ಸ್ವಾಮಿ?" ಎಂದಿತು.

ಪ್ರಶ್ನೆ ನ್ಯಾಯವಾದದ್ದು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮೂರು ತಾಸು ಮಂಡಿ ಮಡಚಿ ಕೂತರೆ ಮಂಡಿ ಹಿಡಿಯುತ್ತದೆ. ರಿಕಾಪು ಉದ್ದ ಬಿಟ್ಟರೆ ಮಂಡಿ ದಿಂಬಿನಿಂದ ಕೆಳಗಿಳಿದು ಕಾಲು ದಿಕ್ಕು ತಪ್ಪುತ್ತದೆ. ಚೀಲ ಕಟ್ಟಲು ಬೇಕಾದಷ್ಟು ಬಳೆಗಳೂ ಇಲ್ಲ; ನೀರಿನ ಬಾಟಲಿ ಸಾಹೇಬರ ಕೊರಳಲ್ಲಿ, ಚಿತ್ರಾನ್ನದ ಡಬ್ಬಿ ಬೆನ್ನಲ್ಲಿ.

ಆ ಜೀನು ಹುಟ್ಟಿದ ಕೆಲಸ ಮಾಡಿದ್ದು ಒಮ್ಮೆ ಮಾತ್ರ. ಟೊಮೆಟೊ ಹೊಲದಂಚಿನಲ್ಲಿ ಬಿದ್ದಿದ್ದ ಡ್ರಿಪ್ ಪೈಪನ್ನು ಹಾವೆಂದು ತಿಳಿದು ಕುದುರೆ ಚೆನ್ನಾಗಿಯೇ ಹಾರಿತು. ಜೀನೂ ಕುದುರೆಯ ಜೊತೆಗೇ ಹೋಯಿತು. ಸಾಹೇಬರು ಟೊಮೆಟೊದಲ್ಲಿ ಉಳಿದರು. ಎದ್ದು ಮಣ್ಣು ಕೊಡವಿಕೊಂಡು ಮೊದಲು ಕೇಳಿದ್ದು, "ಜೀನಿಗೇನೂ ಆಗ್ಲಿಲ್ಲ ತಾನೆ?"

ತಾತ ಮಾತ್ರ ಜೀನು ಬಿಚ್ಚಿಸಿ ಕುದುರೆಯ ಬೆನ್ನು ಸವರಿತು. ಬೆನ್ನೆಲ್ಲ ಬೆವರಿ ತೊಯ್ದಿದ್ದರೂ ಹೆಗಲ ಬಳಿ ಅಂಗೈಯಗಲ ಒಣಗಿತ್ತು. ಅಲ್ಲಿ ಜೀನು ಒತ್ತುತ್ತಿರಬಹುದು ಎಂದರ್ಥ.

ಜಂಪಿಂಗ್ ಜೀನಿನಲ್ಲಿ ಊರು ಸುತ್ತಬಾರದೆಂದು ಯಾವ ಶಾಸ್ತ್ರವೂ ಇಲ್ಲ. ಬೆನ್ನಿಗೆ ಹೊಂದಿದರೆ, ಸವಾರಿ ಸಣ್ಣದಿದ್ದರೆ, ಧಾರಾಳವಾಗಿ ಸುತ್ತಿ. ಕೊಳ್ಳುವ ಮುಂಚೆ ಇಷ್ಟು ನೆನಪಿರಲಿ: ಕುದುರೆಗೆ ಜೀನಿನ ಬೆಲೆ ತಿಳಿಯುವುದಿಲ್ಲ, ಅಳತೆ ತಿಳಿಯುತ್ತದೆ.