ದೋಸೆ ತಾನೇ, ಬಿಡಿ!

ಮಗಳ ಬಾಣಂತನಕ್ಕೆಂದು ಫ್ರಾನ್ಸಿನ ರೆನ್ ಊರಿಗೆ ಬಂದು ಮೂರು ತಿಂಗಳಾಯಿತು. ಬಾಣಂತನ ನನ್ನಾಕೆಯದು, ನೆಪ ನನ್ನದು. ಬಂದ ವಾರದಲ್ಲೇ ನಾನೊಂದು ಸಂಶೋಧನೆ ಮಾಡಿದೆ: ಈ ಬ್ರಿಟನಿ ಸೀಮೆಯವರು ಮೂರು ಹೊತ್ತೂ ತಿನ್ನಬಲ್ಲ ತಿಂಡಿ ದೋಸೆ. ರೆನ್‌ನಲ್ಲಿ ಅದಕ್ಕೆ ಗಾಲೆಟ್ ಎನ್ನುತ್ತಾರೆ, ಪಶ್ಚಿಮಕ್ಕೆ ಹೋದಂತೆ ಬ್ರೆಟನ್ ಭಾಷೆಯಲ್ಲಿ ಕ್ರಂಪೂಸ್. ಯಾವ ಹೆಸರಾದರೇನು, ಹಿಟ್ಟು ಕಲಸಿ ಕಾವಲಿಯ ಮೇಲೆ ದುಂಡಗೆ ಹುಯ್ದ ಮೇಲೆ ಅದು ದೋಸೆಯೇ.

ಇದನ್ನು ಮೇಲಿನ ಮಹಡಿಯ ಅಜ್ಜಿಯ ಎದುರು ಹೇಳಿಬಿಟ್ಟೆ. ಮಗಳು ಒಂದಕ್ಷರ ಬಿಡದೆ ಅನುವಾದಿಸಿದಳು. ಸ್ವಲ್ಪ ಬಿಟ್ಟಿದ್ದರೆ ನಡೆಯುತ್ತಿತ್ತು. ಅಜ್ಜಿ ಬ್ರಿಟನಿಯದೇ ಆದ ಲೆಯೊನ್ ಸೀಮೆಯವರು, ವಾದ ಮಾಡುವ ಪೈಕಿ ಅಲ್ಲ. ಮರುದಿನ ಮಧ್ಯಾಹ್ನ ಕರೆಸಿ ನನ್ನ ಕೈಗೆ ರೊಜೆಲ್ ಕೊಟ್ಟರು.

ರೊಜೆಲ್ ಎಂದರೆ ಮರದ ಒಂದು ಕಡ್ಡಿ, ಅದರ ತುದಿಗೆ ಅಡ್ಡಲಾಗಿ ಇನ್ನೊಂದು ಕಡ್ಡಿ. ಕಣದಲ್ಲಿ ಭತ್ತ ಎಳೆಯುವ ಮಣೆ ಮರಿ ಹಾಕಿದ್ದರೆ ಹೀಗಿರುತ್ತಿತ್ತು. ಎದುರಿಗೆ ಬಿಲಿಗ್, ಅಂದರೆ ಬೀಡುಕಬ್ಬಿಣದ ಕಾವಲಿ, 40 ಸೆಂಟಿಮೀಟರ್ ಅಗಲ, ಅಂಚೆಂಬುದೇ ಇಲ್ಲ. ಬೋಗುಣಿಯಲ್ಲಿ ಹಿಟ್ಟು. "ಉದ್ದು ಎಷ್ಟು ಹಾಕಿದ್ದೀರಿ?" ಎಂದೆ. ಉದ್ದು ಎಂದರೇನೆಂದು ಅಜ್ಜಿ ಕೇಳಿದರು. ಅಲ್ಲಿಗೆ ನನ್ನ ಪಾಂಡಿತ್ಯದ ಮೊದಲ ಅಧ್ಯಾಯ ಮುಗಿಯಿತು.

330 ಗ್ರಾಂ ಕಪ್ಪು ಗೋಧಿ ಹಿಟ್ಟು, 10 ಗ್ರಾಂ ಕಲ್ಲುಪ್ಪು, ಮುಕ್ಕಾಲು ಲೀಟರ್ ನೀರು. ಇಷ್ಟೇ. ಕೈಯಲ್ಲೇ ಚೆನ್ನಾಗಿ ಬಡಿದು, ಕೆಲವು ಗಂಟೆ ತಣ್ಣಗಿಡುವುದು. ಹುಳಿ ಬರಿಸುವ ಗೊಡವೆಯೇ ಇಲ್ಲ. ಗೋಧಿ ಎಂಬುದೂ ಹೆಸರಿಗಷ್ಟೇ, ಇದು ಹುಲ್ಲಿನ ಜಾತಿಯದೇ ಅಲ್ಲ, ರೂಬಾರ್ಬ್ ಗಿಡದ ನೆಂಟ. ಉತ್ತರ ಭಾರತದವರು ನವರಾತ್ರಿಯಲ್ಲಿ ತಿನ್ನುವ ಕುಟ್ಟು ಇದೇ. ಧಾನ್ಯವಲ್ಲವೆಂದು ಅಲ್ಲಿ ಉಪವಾಸಕ್ಕೆ ಸಲ್ಲುತ್ತದೆ. ಇಲ್ಲಿ ಅದೇ ಹಿಟ್ಟು ಹ್ಯಾಮು, ಚೀಸು, ಮೊಟ್ಟೆ ಮೂರನ್ನೂ ಹೊತ್ತು 'ಕಾಂಪ್ಲೆಟ್' ಎಂಬ ಬಿರುದು ಪಡೆಯುತ್ತದೆ. ನಮ್ಮದು ಹ್ಯಾಮಿಲ್ಲದ, ಮೊಟ್ಟೆಯಷ್ಟೇ ಇರುವ, ಅಪೂರ್ಣ ಕಾಂಪ್ಲೆಟ್.

ಹುಯ್ದೆ. ದೋಸೆ ಹುಯ್ದ ಕೈ ಸೌಟಿನ ಬೆನ್ನನ್ನು ಒತ್ತಿ, ನಡುವಿನಿಂದ ಹೊರಕ್ಕೆ ಸುತ್ತುತ್ತದೆ. ರೊಜೆಲ್ ಒತ್ತಬಾರದು. ಹಿಟ್ಟು ತಾನೇ ಮುಂದೆ ಹೋಗುತ್ತಿರಬೇಕು, ಮರ ಅದನ್ನು ಸವರಿದೆಯೋ ಇಲ್ಲವೋ ಎನ್ನುವಂತೆ ಮಣಿಕಟ್ಟಷ್ಟೇ ತಿರುಗಬೇಕು. ನಾನು ಒತ್ತಿದೆ. ಜಿಗುಟು ಕೊಡುವ ಗ್ಲೂಟೆನ್ ಈ ಹಿಟ್ಟಿನಲ್ಲಿ ಇಲ್ಲ, ಹಾಗಾಗಿ ಇಡೀ ಗಾಲೆಟ್ ಹರಿದು ರೊಜೆಲ್ಲಿಗೆ ಸುತ್ತಿಕೊಂಡು ಎದ್ದು ಬಂತು. "ಮೊದಲನೇ ದೋಸೆ ಯಾವತ್ತೂ ಹೀಗೇ" ಎಂದೆ. ಏಳನೆಯದಕ್ಕೂ ಅದನ್ನೇ ಹೇಳುತ್ತಿದ್ದೆನಂತೆ, ನನ್ನಾಕೆಯ ವರದಿ. ಅವಳೋ, ಮಗುವನ್ನು ಹೆಗಲಿಗೆ ಹಾಕಿಕೊಂಡೇ ಎರಡನೇ ಸಲಕ್ಕೆ ಚಂದ್ರನಂಥದ್ದನ್ನು ತೆಗೆದಳು. ಸ್ಪನೆಲ್ ಎಂಬ ಉದ್ದನೆಯ ಮರದ ಪಟ್ಟಿಯಲ್ಲಿ ಅದನ್ನು ಮಗುಚಿದ್ದೂ ಅವಳೇ.

ಬೆಣ್ಣೆಯ ವಿಷಯಕ್ಕೆ ಬಂದರೆ ದಾವಣಗೆರೆಯವರೂ ಇಲ್ಲಿ ಜಿಪುಣರ ಲೆಕ್ಕ. ಅದೂ ಉಪ್ಪು ಬೆಣ್ಣೆ. ಹಳೆಯ ಫ್ರಾನ್ಸಿನಲ್ಲಿ ಉಪ್ಪಿನ ಮೇಲೆ ಗಾಬೆಲ್ ಎಂಬ ಸುಂಕವಿತ್ತು, 1790ರಲ್ಲಿ ರದ್ದಾಯಿತು. ಬ್ರಿಟನಿಗೆ ಆ ಸುಂಕದಿಂದ ವಿನಾಯಿತಿ ಇತ್ತು. ಸುಂಕ ಕೊಟ್ಟವರು ಸಪ್ಪೆ ಬೆಣ್ಣೆ ತಿಂದರು, ಇವರು ಉಪ್ಪು ಸುರಿದು ತಿಂದರು. ಸುಂಕ ಹೋಗಿ ಇಷ್ಟು ಕಾಲವಾದರೂ ಈ ಮನೆಗಳಿಗೆ ಸಪ್ಪೆ ಬೆಣ್ಣೆ ತಂದರೆ ಅಳಿಯನನ್ನಾದರೂ ವಾಪಸ್ ಕಳಿಸಿಯಾರು.

ದುವಾರ್ನೆನೆ ಎಂಬ ಮೀನುಗಾರರ ಊರಿನಲ್ಲಿ 1860ರ ಸುಮಾರಿಗೆ ಹುಟ್ಟಿತೆನ್ನುವ ಕ್ವೀನ್ ಅಮಾನ್ ಇದೆಯಲ್ಲ, ಹೆಸರಿನ ಅರ್ಥವೇ ಬೆಣ್ಣೆ ಕೇಕು. 400 ಗ್ರಾಂ ಬ್ರೆಡ್ಡಿನ ಹಿಟ್ಟಿಗೆ 300 ಗ್ರಾಂ ಬೆಣ್ಣೆ, 300 ಗ್ರಾಂ ಸಕ್ಕರೆ. ಹಿಟ್ಟೇ ಇಲ್ಲಿ ಅಲ್ಪಸಂಖ್ಯಾತ. ನಾವೂ ಮಾಡಿದೆವು. ಬೆಣ್ಣೆ ಓವನ್ನಿನ ತಳಕ್ಕಿಳಿದು ಹೊಗೆಯೆದ್ದು, ಎಚ್ಚರಿಕೆ ಗಂಟೆ ಕೂಗಿ, ಕೂಸು ಎದ್ದು ಕೂಗಿ, ಆಮೇಲೆ ಮಗಳು ಕೂಗಿದಳು.

ಮಜ್ಜಿಗೆಯ ವಿಚಾರದಲ್ಲಿ ಮಾತ್ರ ನಾನೂ ಅಜ್ಜಿಯೂ ಒಂದೇ ಪಕ್ಷ. ಗಾಲೆಟ್ ಜೊತೆ ಇವರು ಲೆ ರಿಬೊ ಕುಡಿಯುತ್ತಾರೆ, ಶುದ್ಧ ಮಜ್ಜಿಗೆ. ಉಪ್ಪು, ಇಂಗು ಹಾಕಿ ಕೊಟ್ಟೆ. ಅಜ್ಜಿ ಲೋಟವನ್ನು ಮೂಸಿ, ನನ್ನನ್ನು ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟರು. ಪಕ್ಷ ಒಡೆಯಿತು.

ಸೇಡು ತೀರಿಸಿಕೊಳ್ಳಲೋ ಏನೋ, ಲೋರಿಯಾಂಗೆ ಹೋದಾಗ ನಮಗೊಂದು ಡಬ್ಬಿ ತಂದುಕೊಟ್ಟರು: ಕರಿ ಗೋಸ್. ಪೂರ್ವ ದೇಶದ ವ್ಯಾಪಾರಕ್ಕೆಂದು, ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗಾಗಿ 1666ರಲ್ಲಿ ಹುಟ್ಟಿದ ಊರದು, ಹೆಸರಿನಲ್ಲೇ ಪೂರ್ವವಿದೆ. ಅಲ್ಲಿನ ಗೋಸ್ ಎಂಬ ಔಷಧಿ ಅಂಗಡಿಯವರು 19ನೇ ಶತಮಾನದಲ್ಲಿ ಕೂಡಿಸಿದ ಮಸಾಲೆ ಪುಡಿ: ಅರಿಶಿನ, ಶುಂಠಿ, ಲವಂಗ, ಮೆಣಸು ಹೀಗೆ. ಸಮುದ್ರದ ಏಡಿ ಮೀನುಗಳಿಗೆ ಅವರು ಹಾಕುವುದನ್ನು ನನ್ನಾಕೆ ಹೂಕೋಸಿಗೆ ಹಾಕಿದಳು. ಸಾರಿನ ಪುಡಿ ಔಷಧಿ ಅಂಗಡಿಯಲ್ಲಿ ಸಿಗುವ ಸೀಮೆ ಇದೆಯೆಂದು ಊರಿಗೆ ಫೋನು ಮಾಡಿದರೆ ಯಾರೂ ನಂಬಲಿಲ್ಲ.

ಮೊನ್ನೆ ಭಾನುವಾರ ಅಜ್ಜಿ ತಮ್ಮ ಲೆಯೊನ್ ಸೀಮೆಯ ಕಿಗ್ ಹಾ ಫಾರ್ಜ್ ಮಾಡಿದರು. ಕಿಗ್ ಎಂದರೆ ಮಾಂಸ, ಹಾ ಎಂದರೆ ಮತ್ತು, ಫಾರ್ಜ್ ಎಂದರೆ ಕಪ್ಪು ಗೋಧಿ ಹಿಟ್ಟಿಗೆ ಹಾಲು, ಬೆಣ್ಣೆ, ಮೊಟ್ಟೆ ಕಲಸಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಮಾಂಸ ತರಕಾರಿ ಬೇಯುವ ಹಂಡೆಯಲ್ಲೇ ಮೂರು ಗಂಟೆ ಕುದಿಸಿದ ಮುದ್ದೆ. ನಮಗಾಗಿ ಬೇರೆ ಪಾತ್ರೆಯಲ್ಲಿ ಗಜ್ಜರಿ, ಕೋಸು ಮಾತ್ರ ಹಾಕಿದ್ದರು. ಕಿಗ್ ಇಲ್ಲದ ಮೇಲೆ ಇದು ಬರೀ 'ಮತ್ತು ಫಾರ್ಜ್' ಎಂದು ನಕ್ಕರು. ಚೀಲವನ್ನು ಮೇಜಿನ ಮೇಲೆ ಉರುಳಿಸಿ ಉರುಳಿಸಿ ಮುದ್ದೆಯನ್ನು ಉದುರುದುರು ಉಪ್ಪಿಟ್ಟಿನಂತೆ ಮಾಡಿ, ಮೇಲೆ ಲಿಪಿಗ್ ಹುಯ್ದರು, ಅಂದರೆ ಬೆಣ್ಣೆಯಲ್ಲಿ ಬೆಂದು ಕರಗಿದ ಈರುಳ್ಳಿ. ನನ್ನಾಕೆ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಹಾ!" ಎಂದಳು.

ಅಜ್ಜಿ ತಡಮಾಡದೆ ಇನ್ನೊಂದು ಸೌಟು ಬೆಣ್ಣೆ ಹುಯ್ದರು.