ಮಡ್ಕಯಿ ಶ್ವಾನಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮಂಗಳಾಚರಣೆ ಇರಲೇಬೇಕು. ದೇವಲೋಕದ ನಾಯಿ ಸರಮೆಗೆ ನಮಸ್ಕಾರ. ಧರ್ಮರಾಯನ ಬೆನ್ನುಹತ್ತಿ ಸ್ವರ್ಗದ ಬಾಗಿಲವರೆಗೂ ನಡೆದ ಆ ಹೆಸರಿಲ್ಲದ ನಾಯಿಗೆ ನಮಸ್ಕಾರ. ಭೈರವನ ವಾಹನಕ್ಕೂ ಮೈಲಾರಲಿಂಗನ ಪರಿವಾರಕ್ಕೂ ನಮಸ್ಕಾರ. ಇನ್ನು ಅನುಬಂಧ ಚತುಷ್ಟಯ. ವಿಷಯ: ನಾಯಿ. ಪ್ರಯೋಜನ: ಕಚ್ಚಿಸಿಕೊಳ್ಳದೆ ಕೋಣೆ ಸೇರುವುದು. ಸಂಬಂಧ: ಐದು ರೂಪಾಯಿಯ ಬಿಸ್ಕಿಟ್ ಪೊಟ್ಟಣ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ರಾತ್ರಿ ಪಾಳಿ ಮುಗಿಸಿ ಮಡ್ಕಯಿ ಕೈಗಾರಿಕಾ ವಸಾಹತಿನ ರಸ್ತೆಯಲ್ಲಿ ಒಬ್ಬನೇ ನಡೆದು ಬಂದವನು. ಮಿಕ್ಕವರೂ ಓದಬಹುದು, ಅಡ್ಡಿಯಿಲ್ಲ. ಆದರೆ ಅನುಭವವಿಲ್ಲದವರಿಗೆ ಮೀಮಾಂಸೆ ದಕ್ಕುವುದಿಲ್ಲ.

ಕ್ಷೇತ್ರ ಯಾವುದೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಡ್ಕಯಿ ಇರುವುದು ಗೋವಾದ ಫೋಂಡಾ ತಾಲೂಕಿನಲ್ಲಿ. ಜುವಾರಿ ನದಿಯ ದಂಡೆ, ನವದುರ್ಗೆಯ ದೇವಸ್ಥಾನ, ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿದ ಖಜಾನ ಗದ್ದೆಗಳು, ಇವುಗಳ ಜೊತೆಗೆ ಕಾರ್ಖಾನೆಗಳು. ಕಾರ್ಖಾನೆಯಿದ್ದಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಮಂದಿ ಇದ್ದೇ ಇರುತ್ತಾರೆ. ಕನ್ನಡದವರು ಈಚೆಗೆ ಬಂದವರು ಎಂದು ಯಾರಾದರೂ ವಾದಿಸಿದರೆ ಹತ್ತಿರದ ಬಾಂದಿವಡೆಯ ಕಡೆ ಬೆರಳು ತೋರಿಸಬಹುದು. ಹೈದರಾಲಿಯ ದಂಡು ನುಗ್ಗಿದಾಗ ಸೋಂದೆಯ ಅರಸ ಘಟ್ಟ ಇಳಿದು ಬಂದು ನೆಲೆಸಿದ್ದು ಅಲ್ಲಿಯೇ, ಹದಿನೆಂಟನೆಯ ಶತಮಾನದಲ್ಲಿ. ಅರಸನಿಗೆ ಅರಮನೆ ಸಿಕ್ಕಿತು, ನಮ್ಮವರಿಗೆ ಪತ್ರಾಸಿನ ಶೆಡ್ಡು. ವ್ಯತ್ಯಾಸ ಅಷ್ಟೇ.

ಈಗ ಪೂರ್ವಪಕ್ಷ. ನಾಯಿಗಳನ್ನು ಹುಟ್ಟಿನಿಂದಲೇ ವಿಂಗಡಿಸಬೇಕೆಂಬುದು ಪಾಶ್ಚಾತ್ಯ ಆಚಾರ್ಯರ ಮತ. ಬೆಲ್ಜಿಯಂನಲ್ಲಿರುವ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಜಗತ್ತಿನ ತಳಿಗಳನ್ನೆಲ್ಲ 10 ವರ್ಗಗಳಲ್ಲಿ ಕೂರಿಸಿದೆ. ಪ್ರತಿ ತಳಿಗೂ ಕಿವಿ ಎಷ್ಟು ಬಾಗಬೇಕು, ಬಾಲ ಎತ್ತ ತಿರುಗಬೇಕು ಎಂಬ ವಿಧಿ ಇದೆ. ಖಂಡನೆ ಸುಲಭ. ಗ್ರೇಟ್ ಡೇನ್ ಡೆನ್ಮಾರ್ಕಿನದಲ್ಲ, ಜರ್ಮನಿಯದು. ಲ್ಯಾಬ್ರಡಾರ್‌ನ ಪೂರ್ವಿಕರು ಲ್ಯಾಬ್ರಡಾರ್‌ನವರಲ್ಲ, ನ್ಯೂಫೌಂಡ್‌ಲ್ಯಾಂಡಿನವರು. ನಮ್ಮಲ್ಲಿ ಪೊಮೇರಿಯನ್ ಎಂದು ಮುದ್ದು ಮಾಡಿಸಿಕೊಳ್ಳುವ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. 1994ರಲ್ಲಿ ಹಿಂದಿ ಸಿನಿಮಾವೊಂದರಲ್ಲಿ ಅದು ಕ್ರಿಕೆಟ್ ಅಂಪೈರ್ ಆದ ಮೇಲಂತೂ ಮನೆಮನೆಗೂ ಬಂತು. ಹುಟ್ಟೂರಿನ ವಿಷಯದಲ್ಲಿ ಇಷ್ಟು ಸುಳ್ಳು ದಾಖಲೆ ಕೊಟ್ಟವರು ನಮ್ಮ ಕಾರ್ಖಾನೆಯಲ್ಲಿ ಇದ್ದಿದ್ದರೆ ಗೇಟ್ ಪಾಸು ರದ್ದಾಗುತ್ತಿತ್ತು.

ಈ ಆಚಾರ್ಯರ ಪಂಗಡದಲ್ಲಿ ನನಗೆ ಗೌರವ ಹುಟ್ಟಿಸಿದ ತಳಿ ಒಂದೇ, ಡಾಬರ್‌ಮನ್. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಕಾರ್ಲ್ ಫ್ರೆಡ್ರಿಕ್ ಲೂಯಿ ಡಾಬರ್‌ಮನ್ ಎಂಬ ತೆರಿಗೆ ವಸೂಲಿದಾರನಿದ್ದ. ವಸೂಲಿಗೆ ಹೋದಲ್ಲಿ ಜನ ಸುಮ್ಮನಿರುತ್ತಾರೆಯೆ? ತನ್ನ ಕಾವಲಿಗೆಂದು ಅವನೇ ಬೆರಕೆ ಮಾಡಿ ಮಾಡಿ ಈ ನಾಯಿಯನ್ನು ತಯಾರಿಸಿದ. ತಳಿಗೆ ಅವನ ಹೆಸರೇ ಉಳಿಯಿತು. ಫೋಂಡಾ ರಸ್ತೆಯ ಬಂಗಲೆಗಳಲ್ಲಿ ಅದೇ ವಂಶದವರು ಇಂದಿಗೂ ಕೆಲಸದಲ್ಲಿದ್ದಾರೆ. ಮನೆ ಕಟ್ಟಿದ ಗೌಂಡಿ ತನ್ನ ಬಾಕಿ ಕೇಳಲು ಗೇಟಿಗೆ ಬಂದಾಗ ಮೊದಲು ಮಾತಾಡುವುದು ಅವರೇ.

ಕೇಂದ್ರ ಸರ್ಕಾರವೂ ಈ ಮತವನ್ನೇ ನಂಬಿ, 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ಕ್ರೂರ ಜಾತಿಗಳೆಂದು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ಅದನ್ನು ರದ್ದುಮಾಡಿತು. ಇಡೀ ಜಾತಿಗೆ ಒಂದೇ ಗುಣ ಅಂಟಿಸುವ ಮುನ್ನ ವಿಚಾರಣೆ ನಡೆಯಬೇಕು ಎಂಬ ತತ್ವ ನಾಯಿಗಳಿಗಾದರೂ ಸಿಕ್ಕಿತು, ಸಂತೋಷ.

ಪೂರ್ವಪಕ್ಷದ ಎದುರು ಕನ್ನಡ ಪರಂಪರೆಯ ಪ್ರಮಾಣ ಕಲ್ಲಿನಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಕಡೆ ಕಾದಿದ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದ. ಊರು ಕೇಳಬಹುದಿತ್ತು, ಆನೆ ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುತ್ತದೆಂದೂ ಬರೆಸಿದರು. ನಾಯಿ-ಹಂದಿಯ ಜಗಳ ಕೆತ್ತಿದ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಮ್ಮ ವಾದಕ್ಕೆ ಬೇಕಾದ ಅಂಶ ಇಷ್ಟು: ಶಾಸನ ಕಾಳಿಯ ಹೆಸರು ಹೇಳುತ್ತದೆ, ಮಾಡಿದ ಕೆಲಸ ಹೇಳುತ್ತದೆ, ತಳಿಯ ಸುದ್ದಿಗೇ ಹೋಗುವುದಿಲ್ಲ. ನಾಯಿಯನ್ನು ಕೆಲಸದಿಂದ ಗುರುತಿಸಬೇಕೆಂಬುದೇ ನಮ್ಮ ಸಿದ್ಧಾಂತ.

ಹಾಗಾದರೆ ಮುಧೋಳ ನಾಯಿಯ ಗತಿಯೇನು ಎಂದು ಬಾಗಲಕೋಟೆಯವರು ತೋಳೇರಿಸುತ್ತಾರೆ. ಅವರ ಅಭಿಮಾನಕ್ಕೆ ಆಧಾರವಿದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ಬೇಟೆನಾಯಿಯನ್ನು ಸಾಕಿ ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮರಿಗಳು ಮೀರತ್‌ಗೆ ಹೋಗಿ ಸೇನೆಯ ತರಬೇತಿಗೆ ಸೇರಿದವು. ಆ ಜಿಲ್ಲೆಯಿಂದ ಇಷ್ಟು ಬೇಗ ಕಾಯಂ ನೌಕರಿ ಹಿಡಿದವರು ಇನ್ನೊಬ್ಬರಿಲ್ಲ.

ಅಂಥ ಒಂದು ನಾಯಿ ಟೆಂಪೋ ಹತ್ತಿ ಮಡ್ಕಯಿಗೂ ಬಂತು. ತಂದವರು ಬೀಳಗಿ ಕಡೆಯ ಗೌಂಡಿ ಮೇಸ್ತ್ರಿ. ಬಾಡಿಗೆ ಕೋಣೆಯ ಮುಂದಿನ ಗೇರು ಮರಕ್ಕೆ ಕಟ್ಟಿದ್ದರು. ನೀಳ ಮೂತಿ, ಕಡ್ಡಿಯಂಥ ಕಾಲು, ಎಣಿಸಬಹುದಾದ ಪಕ್ಕೆಲುಬು, ಬೆನ್ನಿಗೆ ಹತ್ತಿದ ಹೊಟ್ಟೆ. ಓಟಕ್ಕೆಂದೇ ಬಂದ ಅಂಗಲಕ್ಷಣಗಳು ಇವು; ಶಾಸ್ತ್ರ ಬಲ್ಲವರಿಗೆ ರೋಮಾಂಚನ. ಮನೆಯ ಒಡತಿ ಬಾಯಿಗೆ ಶಾಸ್ತ್ರ ಗೊತ್ತಿರಲಿಲ್ಲ. ‘ಮೂಕಪ್ರಾಣಿಗೆ ಅನ್ನ ಹಾಕದೆ ಸಾಯಿಸುತ್ತಿದ್ದಾನೆ’ ಎಂದು ಕೊಂಕಣಿಯಲ್ಲಿ ಕೇರಿಗೆಲ್ಲ ಕೇಳುವಂತೆ ಹೇಳಿ, ಬಂಗಡೆ ಹುಮ್ಮಣ ಕಲಸಿದ ಅನ್ನ ತಂದು ಸುರಿದರು. ಮೇಸ್ತ್ರಿ, ‘ಬ್ಯಾಡ್ರಿ ಬಾಯಿ, ಅದರ ಮೈಕಟ್ಟನ ಹಂಗೈತ್ರಿ, ರಾಜಾನ ನಾಯಿರಿ ಅದು’ ಎಂದು ಅಂಗಲಾಚಿದರು. ರಾಜನ ನಾಯಿ ಆಗಲೇ ತಟ್ಟೆ ನೆಕ್ಕುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಪಕ್ಕೆಲುಬು ಮಾಯವಾದವು. ಬೆಕ್ಕು ಎದುರಿಗೆ ಹಾದರೂ ಕಣ್ಣಷ್ಟೇ ಓಡುತ್ತಿತ್ತು. ಆದ್ದರಿಂದ ತಳಿಯ ಲಕ್ಷಣ ಊಟ ಬದಲಾಗುವವರೆಗೆ ಮಾತ್ರ ಎಂಬುದು ನಮ್ಮ ಎರಡನೆಯ ಸೂತ್ರ.

ಇನ್ನು ಮಡ್ಕಯಿಯ ಸ್ವಂತ ತಳಿಗಳು. ಇವುಗಳಲ್ಲಿ ಪ್ರಧಾನವಾದದ್ದು ಗೇಟ್ ನಾಯಿ. ಕಂದು ಬಣ್ಣ, ನಿಮಿರಿದ ಕಿವಿ, ಸುರುಳಿ ಬಾಲ. ವಾಸ ಸೆಕ್ಯೂರಿಟಿ ಕೇಬಿನ್ನಿನ ನೆರಳು. ಕರೆಯುವವರ ಊರಿಗೆ ತಕ್ಕಂತೆ ಇದಕ್ಕೆ ಕೆಂಚ, ಲಾಲೂ, ರಾಜಾ, ಟೈಗರ್ ಎಂಬ ಹೆಸರುಗಳುಂಟು; ಡಬ್ಬಿ ಬಿಚ್ಚುವ ಹೊತ್ತಿಗೆ ಎಲ್ಲ ಹೆಸರಿಗೂ ಓಗೊಡುತ್ತದೆ, ಮಿಕ್ಕ ಹೊತ್ತು ಯಾವುದಕ್ಕೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಪಾಳಿ ಬದಲಾಗುವಾಗ ಇದರ ವಿದ್ವತ್ತು ನೋಡಬೇಕು. ಮ್ಯಾನೇಜರರ ಕಾರಿಗೆ ಸೆಕ್ಯೂರಿಟಿಯವನಿಗಿಂತ ಮೊದಲು ಎದ್ದು ನಿಲ್ಲುತ್ತದೆ. ಕಂಪನಿ ಬಸ್ಸಿನಿಂದ ಇಳಿಯುವ ಕಾಯಂ ನೌಕರರಿಗೆ ಬಾಲದ ತುದಿ ಮಾತ್ರ ಅಲ್ಲಾಡುತ್ತದೆ. ಠೇಕೆದಾರನ ಕಡೆಯವರು ಸಾಲಾಗಿ ಬಂದರೆ ಮೂಸಿ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತದೆ. ಹೊಸಬನಿದ್ದರೆ ಮೂರು ಬೊಗಳು. ಹಾಜರಿ ಯಂತ್ರ ಬೆರಳನ್ನು ಒಪ್ಪದ ದಿನವೂ ಉಂಟು, ಈ ಮೂಗು ತಪ್ಪಿದ್ದಿಲ್ಲ. ಜೋಳದ ರೊಟ್ಟಿಯನ್ನು ಮೊದಲಿಗೆ ಮೂಸಿ ಬಿಟ್ಟಿತ್ತಂತೆ, ಪಾವಿಗೆ ಒಗ್ಗಿದ ನಾಲಿಗೆ. ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಮೇಲೆ ಪಾವು ಸಪ್ಪೆ ಅನ್ನಿಸತೊಡಗಿದೆ ಎಂದು ಕ್ಯಾಂಟೀನಿನವರ ದೂರು.

ಫೆರಿ ನಾಯಿ ಮಡ್ಕಯಿ ಧಕ್ಕೆಯಿಂದ ಕುಟ್ಠಾಳಿಗೆ ಹೋಗಿ ಬರುತ್ತದೆ. ಕಾಲ್ನಡಿಗೆಯವರಿಗೆ ಗೋವಾದ ಫೆರಿ ಬಿಟ್ಟಿ. ನಾಯಿಗೆ ನಾಲ್ಕು ಕಾಲು, ಹೀಗಾಗಿ ಹಕ್ಕೂ ದುಪ್ಪಟ್ಟು ಎಂದು ಅದು ಭಾವಿಸಿ, ಸ್ಕೂಟರು ನಿಲ್ಲಿಸುವ ಜಾಗದ ನಟ್ಟನಡುವೆ ಮಲಗುತ್ತದೆ. ಮೀನಿನ ನಾಯಿ ಮೀನು ಮಾರುವ ಬಾಯಿಯ ಬುಟ್ಟಿಗೆ ಸಂಬಳವಿಲ್ಲದ ಕಾವಲು. ಬೆಕ್ಕಿನಿಂದ ಮೀನನ್ನು ರಕ್ಷಿಸುತ್ತದೆ, ತನ್ನಿಂದ ರಕ್ಷಿಸುವುದಿಲ್ಲ. ದೇವಸ್ಥಾನದ ನಾಯಿ ಸಾತ್ವಿಕ, ಬರೆಯಲು ಹೆಚ್ಚೇನಿಲ್ಲ. ಜಾತ್ರೆಯ ದಿನಗಳಲ್ಲಿ ಮಾತ್ರ ತೂಕ ಏರುತ್ತದೆ.

ಇವೆಲ್ಲಕ್ಕೂ ಪಶುವೈದ್ಯರು ಬೀದಿನಾಯಿ ಎಂಬ ಒಂದೇ ಹೆಸರಿಟ್ಟಿದ್ದಾರೆ. ಆದರೆ ಕಾನೂನು ಕೊಟ್ಟಿರುವ ಸ್ಥಾನಮಾನ ಸಣ್ಣದಲ್ಲ. ಗೋವಾದಲ್ಲಿ ಊರೂರಿಗೆ ಬಲೆ ಹಿಡಿದು ಬಂದು ನಾಯಿಗಳಿಗೆ ಲಸಿಕೆ ಹಾಕಿ, ಹಾಕಿದ್ದಕ್ಕೆ ಗುರುತಾಗಿ ತಲೆಗೆ ಬಣ್ಣ ಬಳಿಯುತ್ತಾರೆ. ಅದರ ಫಲವಾಗಿ 2021ರಲ್ಲಿ ಗೋವಾ ದೇಶದ ಮೊದಲ ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಣೆಯಾಯಿತು. ಸಂತಾನಹರಣ ಮಾಡಿದ ನಾಯಿಯ ಕಿವಿಯಂಚು ಕತ್ತರಿಸಿರುತ್ತಾರೆ. ಅದು ಅದರ ಗುರುತಿನ ಚೀಟಿ. 2023ರ ನಿಯಮದ ಪ್ರಕಾರ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ತಂದು ಬಿಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಕಡೆ ಹಾಗೆ ಮರಳಿ ಬಿಡಬಾರದೆಂದಿತು. ಕಾರ್ಖಾನೆಯ ಗೇಟನ್ನು ಹೆಸರಿಸಲಿಲ್ಲವಾಗಿ ನಮ್ಮ ಕೆಂಚನ ಹುದ್ದೆ ಭದ್ರ.

ಇಲ್ಲಿಗೆ ಸಿದ್ಧಾಂತ ಪೂರ್ಣವಾಯಿತು. ಹಿಡಿದ ಜಾಗದಲ್ಲೇ ಬಾಳುವ ಹಕ್ಕು ಕೆಂಚನಿಗೆ ಒಂದೇ ಸಲ ಕಿವಿ ಕತ್ತರಿಸಿಕೊಂಡದ್ದಕ್ಕೇ ಬಂತು. ಅದೇ ಗೇಟಿನಲ್ಲಿ ಅವನಿಗೆ ರೊಟ್ಟಿ ಹಾಕುವ ಬಾದಾಮಿಯ ಹುಡುಗನಿಗೆ ಗೋವಾದ ಸರ್ಕಾರಿ ನೌಕರಿ ಬೇಕೆಂದರೆ 15 ವರ್ಷ ವಾಸವಿದ್ದ ಪ್ರಮಾಣಪತ್ರ ಬೇಕು; ಅದಕ್ಕೆ ಬಾಡಿಗೆ ಚೀಟಿ ಬೇಕು; ಬಾಡಿಗೆ ಚೀಟಿಯನ್ನು ಮನೆ ಮಾಲೀಕ ಕೊಡುವುದಿಲ್ಲ. ಯಾರು ಯಾವ ತಳಿ ಎಂಬ ಪ್ರಶ್ನೆಗೆ ಶ್ವಾನಶಾಸ್ತ್ರ ಉತ್ತರ ಕೊಟ್ಟಿದೆ, ಕಚೇರಿಗಳು ಇನ್ನೂ ಕೊಟ್ಟಿಲ್ಲ.

ಕೊನೆಗೆ, ಹೊಸದಾಗಿ ಪಾಳಿಗೆ ಬರುವವರಿಗೆ ಸೂಚನೆ. ನಾಯಿ ಬೊಗಳಿದರೆ ಓಡಬೇಡಿ, ಕಲ್ಲು ಎತ್ತಬೇಡಿ, ನಿಂತು ಮೆಲ್ಲಗೆ ಸರಿಯಿರಿ. ಆದರೂ ಕಚ್ಚಿದರೆ ಊರ ಹಿರಿಯರ ಮಾತು ಕೇಳಿ ಸುಣ್ಣ, ಖಾರಪುಡಿ ಮೆತ್ತಬೇಡಿ. ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು, ಅವತ್ತೇ ಫೋಂಡಾದ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಮುಂದಿನ ಡೋಸುಗಳನ್ನು ಪಗಾರದ ದಿನ ನೋಡಿಕೊಂಡು ಮುಂದಕ್ಕೆ ಹಾಕಬೇಡಿ.