ಕೊಕ್ಕನೂರಿನ ಕೆಂಪುದೀಪ ಶಾಸನ: ಪಾಠ, ಪಾಠಾಂತರ ಮತ್ತು ಪ್ರಮಾದ

ಹರಿಹರದ ಹರಿಹರೇಶ್ವರ ದೇವಾಲಯದ ಶಿಲಾಶಾಸನಗಳನ್ನು ಓದಬಲ್ಲ ವಿದ್ವಾಂಸರಿಗೆ ನಾಡಿನಲ್ಲಿ ಕೊರತೆಯಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಆ ಗುಡಿಯ ಕಲ್ಲುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಓದುವುದು ತಡವಾಯಿತೆಂದು ಸೀಜ್ ಆಗುವುದೂ ಇಲ್ಲ. ಅದೇ ತಾಲ್ಲೂಕಿನ ಕೊಕ್ಕನೂರಿನಿಂದ ಹರಿಹರದ ಮೇಲೆ ದಾವಣಗೆರೆಗೆ ಹೊರಡುವ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಆಗಾಗ ಮೂಡುವ ಕೆಂಪು ಚಿತ್ರಶಾಸನದ ಹಣೆಬರಹ ಮಾತ್ರ ಬೇರೆ. ಅದನ್ನು ಎಲ್ಲರೂ ನೋಡುತ್ತಾರೆ, ಯಾರೂ ಓದುವುದಿಲ್ಲ. ಪ್ರಸ್ತುತ ಸಂಪ್ರಬಂಧದ ಅಗತ್ಯ ಇಲ್ಲಿಂದಲೇ ಹುಟ್ಟುತ್ತದೆ.

ಮೂಲಪಾಠ ಚಿಕ್ಕದು. ಉದ್ದ ಮೂತಿಯ ಒಂದು ಪಾತ್ರೆ, ಮೂತಿಯ ತುದಿಯಲ್ಲಿ ಒಂದು ತೊಟ್ಟು. ವಾಹನ ಸಂಕೇತಗಳ ಧರ್ಮಶಾಸ್ತ್ರವಾದ ಐಎಸ್‌ಒ 2575ರಲ್ಲಿ ಇದು ಎಂಜಿನ್ ಆಯಿಲಿನ ಗುರುತು. ಆದರೆ ಪಾಠಾಂತರಗಳು ಹಲವು. ಹಿಂದಿನ ಸೀಟಿನ ಹಿರಿಯರ ಪ್ರಕಾರ ಅದು ತುಪ್ಪದ ಗಿಂಡಿ. ಮಕ್ಕಳ ಪ್ರಕಾರ ಅಲ್ಲಾದೀನನ ದೀಪ. ವಿದ್ವತ್ತಿನ ದೃಷ್ಟಿಯಿಂದ ಮಕ್ಕಳ ಪಾಠವೇ ಹೆಚ್ಚು ಗ್ರಾಹ್ಯ: ಇದನ್ನು ಕಂಡೂ ಎಂಜಿನ್ನಿನೊಳಗೆ ಲೋಹಕ್ಕೆ ಲೋಹ ಉಜ್ಜಲು ಬಿಟ್ಟರೆ ಗ್ಯಾರೇಜಿನಲ್ಲಿ ಒಂದು ಭೂತ ಏಳುವುದು ಖಚಿತ, ಆದರೆ ಅದು ವರ ಕೊಡುವುದಿಲ್ಲ, ಬಿಲ್ಲು ಕೊಡುತ್ತದೆ.

ಇನ್ನು ಮುಖ್ಯ ವಿವಾದ. ಈ ಸೀಮೆಯಲ್ಲಿ ಬಹುಮತವಿರುವುದು ‘ಕೊಳಗ ಪಂಥ’ಕ್ಕೆ. ದೀಪ ಹತ್ತಿದರೆ ಆಯಿಲ್ ಕಡಿಮೆಯಾಗಿದೆ, ಒಂದು ಲೀಟರ್ ಸುರಿದರೆ ಶಾಂತಿ ಎಂಬುದು ಅವರ ಮತ. ಇದು ಅರ್ಧಸತ್ಯ. ಹರಿಹರದ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಎಂಜಿನ್ನಿನಲ್ಲೂ ಹಾಗೆಯೇ ಎರಡು ತತ್ತ್ವಗಳು: ಕೆಳಗೆ ಸಂಪಿನಲ್ಲಿ ನಿಂತ ಆಯಿಲಿನ ಪ್ರಮಾಣ ಒಂದು, ಪಂಪು ಅದನ್ನು ಮೇಲಕ್ಕೆ ದೂಡುವ ಒತ್ತಡ ಇನ್ನೊಂದು. ಪ್ರಮಾಣವನ್ನು ಹೇಳುವುದು ಡಿಪ್‌ಸ್ಟಿಕ್ಕು. ಕೆಂಪುದೀಪ ಹೇಳುವುದು ಒತ್ತಡವನ್ನು. ಕೆಲವು ಕಾರುಗಳಲ್ಲಿ ಪ್ರಮಾಣಕ್ಕೆಂದೇ ಹಳದಿ ದೀಪ ಬೇರೆ ಇರುತ್ತದೆ. ಅದು ಹತ್ತಿದರೆ ಉಸಿರಾಡಲು ಸಮಯವುಂಟು, ಕೆಂಪಿಗೆ ಇಲ್ಲ. ಸಂಪು ತುಂಬಿ ತುಳುಕುತ್ತಿದ್ದರೂ ಪಂಪು ಸವೆದಿದ್ದರೆ, ಇಲ್ಲವೆ ವರ್ಷಗಟ್ಟಲೆ ಆಯಿಲ್ ಬದಲಿಸದೆ ಕಟ್ಟಿದ ಕರಿ ಗಸಿ ಪಂಪಿನ ಜಾಲರಿಯನ್ನು ಮುಚ್ಚಿದ್ದರೆ, ಒತ್ತಡ ಬೀಳುತ್ತದೆ. ಆಗ ಮೇಲಿನಿಂದ ಎಷ್ಟು ಅಭಿಷೇಕ ಮಾಡಿದರೂ ಪ್ರಯೋಜನವಿಲ್ಲ.

ಒತ್ತಡ ಇಷ್ಟೇಕೆ ಮುಖ್ಯವೆಂಬುದಕ್ಕೆ ಆಕರ ದೂರದ ಇಂಗ್ಲೆಂಡಿನಲ್ಲಿದೆ. 1883ರ ಸುಮಾರಿಗೆ ಬೀಚಂ ಟವರ್ ಎಂಬ ಎಂಜಿನಿಯರ್ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತ, ಬೇರಿಂಗಿನ ನೆತ್ತಿಗೆ ಎಣ್ಣೆ ಬಿಡಲೆಂದು ಒಂದು ತೂತು ಕೊರೆದ. ಎಣ್ಣೆ ಒಳಗೆ ಹೋಗುವ ಬದಲು ಉಕ್ಕಿ ಹೊರಬಂತು. ಬಿರಡೆ ಜಡಿದ, ಬಿರಡೆಯನ್ನೂ ನೂಕಿತು. ತಿರುಗುವ ದಂಡವನ್ನು ಹೊತ್ತಿರುವುದು ಲೋಹವಲ್ಲ, ಒತ್ತಡದಲ್ಲಿರುವ ಎಣ್ಣೆಯ ತೆಳುಪದರ ಎಂಬುದು ಹೀಗೆ ಬಯಲಾಯಿತು. 1886ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ಅದಕ್ಕೆ ಸಮೀಕರಣ ಬರೆದ. ಹರಿಹರದವರಿಗೆ ಇದು ಹೊಸ ವಿದ್ಯೆಯೇನಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸುತ್ತಿದ್ದ ತಲೆಮಾರಿಗೆ ಮಿಲಿಮೀಟರಿನ ನೂರರ ಭಾಗವೂ ದೊಡ್ಡ ಸಂದೇ. ಕ್ರ್ಯಾಂಕಿಗೂ ಅದರ ಬೇರಿಂಗಿಗೂ ನಡುವಿನ ಜಾಗ ಸಾಮಾನ್ಯವಾಗಿ ಅಂಥ ಕೆಲವೇ ನೂರನೇ ಭಾಗಗಳು. ಪಂಪಿನ ಒತ್ತಡ ಬಿದ್ದು ಅಲ್ಲಿಗೆ ಆಯಿಲ್ ತಲುಪದಿದ್ದರೆ ಆ ಪದರ ಹರಿದು ಕ್ರ್ಯಾಂಕು ಬೇರಿಂಗನ್ನು ಕಚ್ಚುತ್ತದೆ. ಅದಕ್ಕೆ ನಿಮಿಷಗಳು ಸಾಕು.

ಎಂಜಿನ್ ಬ್ಲಾಕಿನಲ್ಲಿ ಕೂತಿರುವ ಪುಟ್ಟ ಪ್ರೆಶರ್ ಸ್ವಿಚ್ಚಿಗೆ ಗೊತ್ತಿರುವುದು ಎರಡೇ ಮಾತು, ಇದೆ ಮತ್ತು ಇಲ್ಲ. ಹಲವು ಕಾರುಗಳಲ್ಲಿ ಒತ್ತಡ ಅರ್ಧ ಬಾರ್ ಆಸುಪಾಸಿಗೆ ಕುಸಿಯುವ ತನಕ ಅದು ಬಾಯಿಬಿಡುವುದೇ ಇಲ್ಲ. ಬಿಸಿ ಎಂಜಿನ್ ಓಟದಲ್ಲಿರುವಾಗ ಎರಡು ಮೂರು ಬಾರ್ ಇರಬೇಕಾದದ್ದು ಅಷ್ಟಕ್ಕಿಳಿದ ಮೇಲೆ ದೀಪ ಹತ್ತುತ್ತದೆ. ಅಂದರೆ ಅದು ಮುನ್ಸೂಚನೆಯಲ್ಲ, ಸುದ್ದಿ.

ಈ ಸುದ್ದಿಗೆ ಪ್ರತಿಕ್ರಿಯೆಗಳ ಕ್ಷೇತ್ರಕಾರ್ಯವೇ ಪ್ರಬಂಧದ ಅತಿ ಶ್ರೀಮಂತ ಭಾಗ. ಭದ್ರಾ ನಾಲೆಯ ಬಯಲಲ್ಲಿ ಊರೂರಿಗೂ ಹಂಪುಗಳು. ಎತ್ತರದ ಹಂಪಿನ ಮೇಲೆ ಸಂಪು ಬಡಿಯಿತು, ದೀಪ ಹತ್ತಿತು ಎನ್ನೋಣ. “ಏನಾಗ್ತತಿ ಬಿಡಣ್ಣ, ಗಾಡಿ ಹೊಂಟೈತಲ್ಲ” ಎಂಬುದು ಚಲನವಾದಿಗಳ ಸೂತ್ರ. “ಹರಿಹರ ಮುಟ್ಟಿದ್ ಮ್ಯಾಲೆ ನೋಡಿದ್ರಾತು” ಎಂಬುದು ಗಮ್ಯವಾದಿಗಳದು. ಬೆಣ್ಣೆದೋಸೆ ಪಂಥದವರು ಇನ್ನೂ ಮುಂದೆ ಹೋಗಿ, ದಾವಣಗೆರೆಯಲ್ಲಿ ತಿಂಡಿಯಾಗುವಷ್ಟರಲ್ಲಿ ಎಂಜಿನ್ ತಣಿದು ತಾನೇ ಸರಿಹೋಗುತ್ತದೆಂದು ವಾದಿಸುತ್ತಾರೆ. ಕೆಲವರು ಡ್ಯಾಶ್‌ಬೋರ್ಡಿನ ಮೇಲಿರುವ ಹನುಮಪ್ಪನ ಮೂರ್ತಿಗೆ ಕೈಮುಗಿದು ಗೇರ್ ಬದಲಿಸುತ್ತಾರೆ. ಸಂಜೀವಿನಿ ಪರ್ವತವನ್ನೇ ಹೊತ್ತವನಾದರೂ ಒಡೆದ ಸಂಪಿನಲ್ಲಿ ಒತ್ತಡ ಹುಟ್ಟಿಸುವ ಕೆಲಸವನ್ನು ಅವನಿಗೆ ವಹಿಸಿದ ಉಲ್ಲೇಖ ಯಾವ ಪುರಾಣದಲ್ಲೂ ಇಲ್ಲ.

ಸಿದ್ಧಾಂತ ಪಕ್ಷ ನೀರಸವಾದ್ದರಿಂದಲೇ ಅನುಯಾಯಿಗಳು ಕಡಿಮೆ. ಗಾಡಿಯನ್ನು ಎಡಕ್ಕೆ ಸುರಕ್ಷಿತವಾಗಿ ನಿಲ್ಲಿಸಿ ತಕ್ಷಣ ಎಂಜಿನ್ ಬಂದ್ ಮಾಡುವುದು. ಸಮತಟ್ಟು ಜಾಗದಲ್ಲಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಇಳಿಸಿ ನೋಡುವುದು. ಕೆಳಗೆ ಬಗ್ಗಿ ಆಯಿಲ್ ಸೋರುತ್ತಿದೆಯೇ ಎಂದು ಕಣ್ಣು ಹಾಯಿಸುವುದು. ಸೋರಿಕೆಯಿಲ್ಲದೆ ಮಟ್ಟ ಮಾತ್ರ ಇಳಿದಿದ್ದರೆ ಆಯಿಲ್ ತುಂಬಿ ಸ್ಟಾರ್ಟ್ ಮಾಡಬಹುದು. ಕೆಲವೇ ಸೆಕೆಂಡಿನಲ್ಲಿ ದೀಪ ಆರಬೇಕು. ಸೋರಿಕೆಯಿದ್ದರೆ, ಇಲ್ಲವೆ ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ, ಮತ್ತೆ ಕೀಲಿ ತಿರುವದೆ ಟೋ ಗಾಡಿಗೆ ಫೋನ್ ಮಾಡುವುದು. ಟೋ ಗಾಡಿಯ ಬಾಡಿಗೆ ಕೇಳಿ ಎದೆ ಧಸಕ್ಕೆನ್ನುವುದು ಸಹಜ. ಕ್ರ್ಯಾಂಕ್ ಗ್ರೈಂಡಿಂಗಿನ ದರ ಕೇಳಿದವರಿಗೆ ಆ ಬಾಡಿಗೆ ಪ್ರಸಾದವಾಗಿ ಕಾಣುತ್ತದೆ.

ಕೊನೆಯದಾಗಿ ‘ವೈರ್ ಕೀಳುವ ಪಂಥ’. ಸಾಮಾನ್ಯ ಸ್ವಿಚ್ಚಿನ ವೈರನ್ನು ಕಿತ್ತರೆ ದೀಪ ಆರಿಹೋಗುತ್ತದೆ, ಹೌದು. ಸ್ವಿಚ್ಚೇ ಕೆಟ್ಟು ಸುಳ್ಳು ಹೇಳುವುದೂ ಉಂಟು. ನಿಜವಾದ ಮೆಕ್ಯಾನಿಕ್ ಆಗ ಅದನ್ನು ಬಿಚ್ಚಿ, ಆ ಜಾಗಕ್ಕೆ ಗೇಜು ಕೂರಿಸಿ ಒತ್ತಡ ಅಳೆಯುತ್ತಾನೆ. ಈ ಪಂಥದವನು ವೈರಿಗೆ ಟೇಪು ಸುತ್ತಿ “ಸೆನ್ಸರ್ ಹೋಗಿತ್ತು ಕಾಕಾ, ಸರಿ ಮಾಡೀನಿ” ಎನ್ನುತ್ತಾನೆ. ಇಂಥ ಕಾರುಗಳು ಮುಂದೆ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುತ್ತವೆ. ಅವನ್ನು ಗುರುತಿಸುವ ಪ್ರಯೋಗ ಸರಳ: ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ಆನ್‌ಗೆ ತಿರುಗಿಸಿದಾಗ ಸಾಮಾನ್ಯವಾಗಿ ಈ ಕೆಂಪುದೀಪ ಹತ್ತಬೇಕು, ಸ್ಟಾರ್ಟ್ ಆದೊಡನೆ ಆರಬೇಕು. ಮೊದಲ ಹಂತದಲ್ಲೇ ಹತ್ತದಿದ್ದಾಗ ಮಾರುವಾತ ಹೆಮ್ಮೆಯಿಂದ “ನೋಡ್ರಿ ಮಾವ, ಒಂದ್ ಲೈಟೂ ಹತ್ತಂಗಿಲ್ಲ, ಗಾಡಿ ಅಷ್ಟು ಕ್ಲೀನ್ ಐತಿ” ಎಂದರೆ, ಸಂಶೋಧಕನು ಅವನು ತರಿಸಿದ ಚಹಾ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿನಲ್ಲಿ ಊರಿಗೆ ಮರಳತಕ್ಕದ್ದು.